ಸೀಳಿದ ಕೂದಲ ತುದಿ ಮತ್ತೆ ಕೂಡುತ್ತದೆಯೇ? ಫಾರ್ವರ್ಡ್‌ ಮನೆಮದ್ದುಗಳ ನಿಜಾಂಶ

ಕೂದಲ ತುದಿ ಎರಡಾಗಿ ಸೀಳುವುದಕ್ಕೆ ಪರಿಹಾರ ಹೇಳುವ ಸಂದೇಶಗಳಿಗೆ ವಾಟ್ಸಾಪ್‌ನಲ್ಲಿ ಬರವಿಲ್ಲ. ಒಂದು ಸಂದೇಶ ಮೊಟ್ಟೆ ಹಚ್ಚಿ ಎನ್ನುತ್ತದೆ, ಇನ್ನೊಂದು ಈರುಳ್ಳಿ ರಸ ಎನ್ನುತ್ತದೆ, ಮತ್ತೊಂದು ನಿಂಬೆ ಮತ್ತು ಅಡುಗೆ ಸೋಡಾ ಬೆರೆಸಿ ತೊಳೆಯಿರಿ ಎನ್ನುತ್ತದೆ. ರೀಲ್ಸ್ ತೆರೆದರೆ ಉರಿಯುವ ಮೇಣದಬತ್ತಿಯಿಂದ ಸೀಳು ತುದಿಗಳನ್ನು ಸುಡುವ ವಿಡಿಯೋ ಬರುತ್ತದೆ. ಪಾರ್ಲರ್‌ಗೆ ಹೋದರೆ ಕೆಲವು ಸಾವಿರ ರೂಪಾಯಿಯ ಕೆರಾಟಿನ್ ಟ್ರೀಟ್‌ಮೆಂಟ್ ಮಾಡಿಸಿ ಎಂಬ ಸಲಹೆ ಸಿಗುತ್ತದೆ.

ಇವೆಲ್ಲವೂ ಕೊಡುವ ಭರವಸೆ ಒಂದೇ: ಕತ್ತರಿಸದೆ ಸೀಳು ವಾಸಿಯಾಗುತ್ತದೆ ಎಂಬುದು. ಇದು ನಿಜವೇ?

ಚುಟುಕಾಗಿ ಹೇಳುವುದಾದರೆ, ಇಲ್ಲ. ಒಮ್ಮೆ ಸೀಳಿದ ಕೂದಲು ಮತ್ತೆ ಕೂಡಿ ಮೊದಲಿನಂತಾಗುವುದಿಲ್ಲ. ಅದನ್ನು ಕೆಲವು ದಿನ ಕಾಣದಂತೆ ಮಾಡಬಹುದು, ಅಥವಾ ಕತ್ತರಿಸಬಹುದು. ಆದರೆ ಹೊಸದಾಗಿ ಸೀಳದಂತೆ ತಡೆಯುವುದು ನಮ್ಮ ಕೈಯಲ್ಲೇ ಇದೆ, ಅದಕ್ಕೆ ಹೆಚ್ಚು ಖರ್ಚೂ ಇಲ್ಲ. ಇದರ ನಡುವೆ, ಚಿಕಿತ್ಸೆ ಎಂಬ ಹೆಸರಿನಲ್ಲಿ ನಡೆಯುವ ಕೆಲವು ವಿಷಯಗಳು ಕೂದಲಿಗಷ್ಟೇ ಅಲ್ಲ, ದೇಹಕ್ಕೂ ಅಪಾಯ ತರುತ್ತವೆ. ಒಂದೊಂದಾಗಿ ನೋಡೋಣ.

ಕೂದಲು ಏಕೆ ವಾಸಿಯಾಗುವುದಿಲ್ಲ?

ಕೈಗೆ ಗಾಯವಾದರೆ ಕೆಲವೇ ದಿನಗಳಲ್ಲಿ ಮಾಗುತ್ತದೆ. ಅಲ್ಲಿ ಜೀವಂತ ಕೋಶಗಳಿವೆ, ರಕ್ತ ಹರಿಯುತ್ತದೆ, ಹೊಸ ಚರ್ಮ ಹುಟ್ಟುತ್ತದೆ. ಕೂದಲಿನಲ್ಲಿ ಇವು ಯಾವುವೂ ಇಲ್ಲ. ಕೂದಲಿನ ಜೀವಂತ ಭಾಗ ಇರುವುದು ನೆತ್ತಿಯ ಚರ್ಮದ ಒಳಗೆ, ಬುಡದಲ್ಲಿ ಮಾತ್ರ. ಹೊರಗೆ ಕಾಣುವ ಕೂದಲು ಸತ್ತ ಕೋಶಗಳಿಂದಾದ ಎಳೆ. ಅದರ ಬಹುಪಾಲು ಕೆರಾಟಿನ್ ಎಂಬ ಪ್ರೋಟೀನ್. ನಮ್ಮ ಉಗುರು, ಹಸುವಿನ ಕೊಂಬು ಇವೂ ಇದೇ ಬಗೆಯ ಪ್ರೋಟೀನಿನಿಂದ ಆದವು. ಕತ್ತರಿಸಿದಾಗ ಕೂದಲಿಗೆ ನೋವಾಗದಿರುವುದಕ್ಕೂ ಇದೇ ಕಾರಣ.

ಕೂದಲಿನ ದಪ್ಪ ಸುಮಾರು 0.05ರಿಂದ 0.1 ಮಿಲಿಮೀಟರ್. ಇಷ್ಟು ಸಪೂರ ಎಳೆಯಲ್ಲೂ ಎರಡು ಮುಖ್ಯ ಭಾಗಗಳಿವೆ. ಹೊರಗಿನದು ಕ್ಯುಟಿಕಲ್ ಎಂಬ ಕವಚ. ಮನೆಯ ಮಾಡಿಗೆ ಹೊದಿಸಿದ ಮಂಗಳೂರು ಹೆಂಚಿನಂತೆ, ತೆಳುವಾದ ಚಕ್ಕೆಗಳು ಒಂದರ ಮೇಲೊಂದು ಕೂತಿರುತ್ತವೆ. ಸಾಮಾನ್ಯವಾಗಿ ಇಂಥ 5ರಿಂದ 10 ಪದರಗಳಿರುತ್ತವೆ. ಅದರ ಒಳಗಿರುವುದು ಕಾರ್ಟೆಕ್ಸ್. ಇದು ತೆಂಗಿನ ನಾರಿನ ಹಗ್ಗದಂತೆ, ಉದ್ದುದ್ದ ನಾರುಗಳ ಕಟ್ಟು. ಕೂದಲಿಗೆ ಬಲ ಕೊಡುವುದು ಈ ಕಟ್ಟು. ಅದನ್ನು ಕಾಪಾಡುವುದು ಹೊರಗಿನ ಹೆಂಚು.

ಹೆಂಚು ಸವೆದು ಕಳಚಿಹೋದರೆ ಒಳಗಿನ ನಾರು ಬಯಲಾಗುತ್ತದೆ. ಆಮೇಲೆ ಹಗ್ಗದ ತುದಿ ಬಿಚ್ಚಿಕೊಂಡಂತೆ ಕೂದಲಿನ ತುದಿ ಎರಡಾಗಿ, ಮೂರಾಗಿ ಬಿಚ್ಚಿಕೊಳ್ಳುತ್ತದೆ. ಇದೇ ಸೀಳು ಕೂದಲು. ವೈದ್ಯರು ಇದನ್ನು ಟ್ರೈಕೋಪ್ಟಿಲೋಸಿಸ್ ಎನ್ನುತ್ತಾರೆ. ಹೆಸರು ದೊಡ್ಡದು, ಆದರೆ ಇದು ರೋಗವಲ್ಲ, ಸವಕಳಿ.

ತುದಿಯಲ್ಲೇ ಏಕೆ ಸೀಳುತ್ತದೆ?

ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ 60 ಸೆಂ.ಮೀ. ಉದ್ದದ ಜಡೆ ಇದ್ದರೆ ಅದರ ತುದಿಗೆ ಸುಮಾರು 5 ವರ್ಷ ವಯಸ್ಸು. ದಿನಕ್ಕೆ ಎರಡು ಬಾರಿ ತಲೆ ಬಾಚಿದರೂ ಆ ತುದಿ 3,600ಕ್ಕೂ ಹೆಚ್ಚು ಸಲ ಬಾಚಣಿಗೆಗೆ ಸಿಕ್ಕಿದೆ. ವಾರಕ್ಕೆ ಎರಡು ಸಲ ತಲೆಸ್ನಾನ ಎಂದರೂ 500ಕ್ಕೂ ಹೆಚ್ಚು ಸಲ ನೆನೆದು, ಊದಿ, ಒಣಗಿದೆ. ಬಿಸಿಲು, ಧೂಳು, ಸ್ಕೂಟರ್ ಮೇಲೆ ಹೋಗುವಾಗಿನ ಗಾಳಿ, ದಿಂಬಿನ ಉಜ್ಜಾಟ ಇವು ಬೇರೆ. ಐದು ವರ್ಷ ದಿನವೂ ಉಟ್ಟ ಸೀರೆಯ ಅಂಚು ಹೇಗಿರುತ್ತದೆ ಎಂದು ಯೋಚಿಸಿ. ಉದ್ದ ಕೂದಲಿರುವವರಲ್ಲಿ ಅಲ್ಲೊಂದು ಇಲ್ಲೊಂದು ಸೀಳು ತುದಿ ಕಾಣುವುದು ಸಹಜ.

ಸವಕಳಿಯನ್ನು ಬೇಗ ಮಾಡುವ ಕಾರಣಗಳೂ ಇವೆ.

ಒದ್ದೆ ಕೂದಲನ್ನು ಜೋರಾಗಿ ಬಾಚುವುದು: ನೀರು ಹೀರಿದ ಕೂದಲು ಊದಿಕೊಂಡು ಮೆತ್ತಗಾಗುತ್ತದೆ. ಒಣಗಿದ್ದಾಗಿನಕ್ಕಿಂತ ಹೆಚ್ಚು ಹಿಗ್ಗುತ್ತದೆ, ಸುಲಭವಾಗಿ ಹಾಳಾಗುತ್ತದೆ.

ಬ್ಲೀಚ್ ಮತ್ತು ಬಣ್ಣ: ಕೂದಲನ್ನು ತಿಳಿಯಾಗಿಸಿ ಹಚ್ಚುವ ಬಣ್ಣಗಳು ಹೊರಕವಚವನ್ನು ತೆರೆದು, ಒಳಗಿನ ವರ್ಣದ್ರವ್ಯವನ್ನೂ ಪ್ರೋಟೀನಿನ ಬೆಸುಗೆಗಳನ್ನೂ ಕೆಡಿಸುತ್ತವೆ.

ಸ್ಟ್ರೈಟ್ನಿಂಗ್, ಪರ್ಮಿಂಗ್: ಇವು ಕೆರಾಟಿನ್ ಎಳೆಗಳನ್ನು ಒಂದಕ್ಕೊಂದು ಹಿಡಿದಿಡುವ ಗಂಧಕದ ಬೆಸುಗೆಗಳನ್ನು ಬಿಡಿಸಿ ಬೇರೆ ಆಕಾರದಲ್ಲಿ ಕೂಡಿಸುತ್ತವೆ. ಎಲ್ಲ ಬೆಸುಗೆಗಳೂ ಮತ್ತೆ ಕೂಡುವುದಿಲ್ಲ.

ಅತಿ ಬಿಸಿ: ಕೂದಲು ಇಸ್ತ್ರಿ ಮಾಡುವ ಸಲಕರಣೆಗಳು 200 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಒದ್ದೆ ಕೂದಲಿನ ಮೇಲೆ ಅದನ್ನು ಒತ್ತಿದರೆ ಒಳಗಿನ ನೀರು ಆವಿಯಾಗಿ ಕೂದಲಿನೊಳಗೆ ಗುಳ್ಳೆಗಳೇಳುತ್ತವೆ. ಸೂಕ್ಷ್ಮದರ್ಶಕದಲ್ಲಿ ಇವು ಸ್ಪಷ್ಟವಾಗಿ ಕಾಣುತ್ತವೆ. ಆ ಜಾಗದಲ್ಲಿ ಕೂದಲು ಪುಟಕ್ಕನೆ ಮುರಿಯುತ್ತದೆ.

ಈಗ ಫಾರ್ವರ್ಡ್‌ಗಳ ಸರದಿ

1. ಮೊಟ್ಟೆ ಹಚ್ಚಿದರೆ ಕೂದಲಿಗೆ ಪ್ರೋಟೀನ್ ಸಿಗುತ್ತದೆ

ಕೂದಲು ಪ್ರೋಟೀನಿನಿಂದ ಆದದ್ದು, ಮೊಟ್ಟೆಯಲ್ಲಿ ಪ್ರೋಟೀನ್ ಇದೆ, ಹಾಗಾಗಿ ಕೂಡಿಕೊಳ್ಳುತ್ತದೆ ಎಂಬುದು ಇದರ ತರ್ಕ. ಆದರೆ ಮೊಟ್ಟೆಯ ಬಿಳಿಯಲ್ಲಿರುವ ಪ್ರೋಟೀನ್ ಅಣುಗಳು ಬಹಳ ದೊಡ್ಡವು, ಕೂದಲಿನ ಒಳಗೆ ಹೋಗಲಾರವು. ಹೋದರೂ ಅವು ಕೆರಾಟಿನ್ ಆಗಿ ಬದಲಾಗುವುದಿಲ್ಲ. ಮೇಲ್ಮೈಗೆ ಅಂಟಿ ಒಂದಿಷ್ಟು ಹೊಳಪು ಕೊಟ್ಟು ಮುಂದಿನ ಸ್ನಾನಕ್ಕೆ ತೊಳೆದುಹೋಗುತ್ತವೆ. ಅದೇ ಮೊಟ್ಟೆಯನ್ನು ತಿಂದರೆ ಬುಡದಲ್ಲಿ ಹೊಸದಾಗಿ ಹುಟ್ಟುವ ಕೂದಲಿಗೆ ಬೇಕಾದ ಪ್ರೋಟೀನ್ ಸಿಗುತ್ತದೆ. ಮೊಟ್ಟೆ ತಿನ್ನದವರಿಗೆ ಬೇಳೆ, ಕಾಳು, ಹಾಲು, ಮೊಸರು ಇವೆ.

2. ಈರುಳ್ಳಿ ರಸ ವಿಜ್ಞಾನಿಗಳೇ ಒಪ್ಪಿದ ಮದ್ದು

ಈ ಸಂದೇಶದ ಹಿಂದೆ ಒಂದು ನಿಜವಾದ ಅಧ್ಯಯನವಿದೆ. 2002ರಲ್ಲಿ ಇರಾಕಿನ ಬಾಗ್ದಾದಿನ ವೈದ್ಯರು ಈರುಳ್ಳಿ ರಸದ ಒಂದು ಸಣ್ಣ ಪ್ರಯೋಗವನ್ನು ಪ್ರಕಟಿಸಿದ್ದರು. ಆದರೆ ಅದು ತಲೆಯಲ್ಲಿ ದುಂಡಗೆ ತೇಪೆಯಂತೆ ಕೂದಲು ಉದುರುವ ಕಾಯಿಲೆಯ ಬಗ್ಗೆ. ಸೀಳು ತುದಿಗೂ ಅದಕ್ಕೂ ಸಂಬಂಧವಿಲ್ಲ. ಒಂದು ಸಮಸ್ಯೆಯ ಅಧ್ಯಯನವನ್ನು ಇನ್ನೊಂದು ಸಮಸ್ಯೆಗೆ ಅಂಟಿಸುವುದು ಫಾರ್ವರ್ಡ್‌ಗಳಲ್ಲಿ ತೀರಾ ಸಾಮಾನ್ಯ.

3. ನಿಂಬೆ ರಸ, ಅಡುಗೆ ಸೋಡಾದಿಂದ ಕೂದಲು ಗಟ್ಟಿಯಾಗುತ್ತದೆ

ಇದು ಉಪಯೋಗವಿಲ್ಲದ್ದಷ್ಟೇ ಅಲ್ಲ, ಹಾನಿಕರ. ಅಡುಗೆ ಸೋಡಾ ಕ್ಷಾರ. ಕ್ಷಾರ ತಗುಲಿದರೆ ಕೂದಲು ಊದಿ, ಹೆಂಚಿನ ಚಕ್ಕೆಗಳು ಎದ್ದು ನಿಲ್ಲುತ್ತವೆ, ಕೂದಲು ಒರಟಾಗಿ ಸಿಕ್ಕಾಗುತ್ತದೆ. ಬಟ್ಟೆ ಸೋಪು, ಮೈಸೋಪಿನಲ್ಲಿ ತಲೆ ತೊಳೆದಾಗ ಕೂದಲು ಜಡ್ಡುಗಟ್ಟುವುದೂ ಇದೇ ಕಾರಣಕ್ಕೆ. ನಿಂಬೆ ರಸ ಇದಕ್ಕೆ ವಿರುದ್ಧ ತುದಿ, ತೀಕ್ಷ್ಣ ಆಮ್ಲ. ನೇರವಾಗಿ ಹಚ್ಚಿದರೆ ನೆತ್ತಿ ಉರಿಯುತ್ತದೆ. ನಿಂಬೆ ರಸ ತಗುಲಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಗಾಯದಂಥ ಗುಳ್ಳೆಗಳೇಳಬಹುದು.

4. ದಾಸವಾಳದ ಎಲೆ, ಮೆಂತ್ಯ, ಲೋಳೆಸರ

ನಮ್ಮ ಅಜ್ಜಿಯಂದಿರು ಬಳಸುತ್ತಿದ್ದ ಇವುಗಳಲ್ಲಿ ಅರ್ಥವಿದೆ. ಅರೆದಾಗ ಬರುವ ಲೋಳೆ ಕೂದಲಿನ ಮೇಲೆ ಜಾರುವ ತೆಳು ಪದರವಾಗಿ ಕೂರುತ್ತದೆ. ಸಿಕ್ಕು ಸುಲಭವಾಗಿ ಬಿಡುತ್ತದೆ, ಉಜ್ಜಾಟ ಕಡಿಮೆಯಾಗುತ್ತದೆ. ಅಂಗಡಿಯ ಕಂಡೀಷನರ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಅಂದರೆ ಇವು ಹೊಸ ಸೀಳನ್ನು ತಡೆಯಲು ನೆರವಾಗಬಲ್ಲವು. ಈಗಾಗಲೇ ಆದ ಸೀಳನ್ನು ಹೊಲಿಯಲಾರವು. ಸೀಗೆಪುಡಿ ಬಳಸುವವರು ಅದನ್ನು ನುಣ್ಣಗೆ ಜರಡಿ ಹಿಡಿದು, ನೆನೆಸಿ, ಸೋಸಿ ಬಳಸಿದರೆ ಒಳ್ಳೆಯದು. ತರಿ ತರಿಯಾದ ಪುಡಿಯನ್ನು ಕೂದಲಿಗೆ ಹಾಕಿ ತಿಕ್ಕಿದರೆ ಹೊರಕವಚ ಸವೆಯುತ್ತದೆ.

5. ತೆಂಗಿನೆಣ್ಣೆ

ಮನೆಮದ್ದುಗಳ ಪೈಕಿ ಹೆಚ್ಚು ಆಧಾರವಿರುವುದು ಇದಕ್ಕೇ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ ಮತ್ತು ಮಿನರಲ್ ಎಣ್ಣೆಗಳನ್ನು ಹೋಲಿಸಿದ್ದರು. ತೊಳೆಯುವಾಗ, ಬಾಚುವಾಗ ಕೂದಲಿನಿಂದ ಪ್ರೋಟೀನ್ ಸೋರಿಹೋಗುವುದನ್ನು ಗಮನಾರ್ಹವಾಗಿ ತಗ್ಗಿಸಿದ್ದು ತೆಂಗಿನೆಣ್ಣೆ ಮಾತ್ರ. ತೆಂಗಿನೆಣ್ಣೆಯಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು. ಅದು ಕೂದಲಿನ ಒಳಗೆ ಇಳಿದು, ನೀರು ಹೀರಿ ಊದುವುದನ್ನು ಕಡಿಮೆ ಮಾಡುತ್ತದೆ ಎಂಬುದು ವಿವರಣೆ. ಒಂದು ಮಾತು ನೆನಪಿರಲಿ: ಈ ಅಧ್ಯಯನ ಮಾಡಿದವರು ತೆಂಗಿನೆಣ್ಣೆ ಮಾರುವ ಮಾರಿಕೋ ಕಂಪನಿಯ ಸಂಶೋಧಕರು. ಹಾಗೆಂದು ಫಲಿತಾಂಶ ಸುಳ್ಳೆಂದಲ್ಲ, ಆದರೆ ಓದುಗರಿಗೆ ಅದು ಗೊತ್ತಿರಬೇಕು. ಇಲ್ಲಿಯೂ ಎಣ್ಣೆ ಮಾಡಿದ್ದು ರಕ್ಷಣೆಯ ಕೆಲಸ, ರಿಪೇರಿಯ ಕೆಲಸವಲ್ಲ.

6. ಮೇಣದಬತ್ತಿಯಿಂದ ಸುಟ್ಟರೆ ತುದಿ ಮುಚ್ಚಿಕೊಳ್ಳುತ್ತದೆ

ಪ್ಲಾಸ್ಟಿಕ್ ಹಗ್ಗದ ತುದಿಯನ್ನು ಸುಟ್ಟರೆ ಕರಗಿ ಅಂಟಿಕೊಳ್ಳುತ್ತದೆ. ಕೂದಲು ಪ್ಲಾಸ್ಟಿಕ್ ಅಲ್ಲ, ಅದು ಕರಗುವುದಿಲ್ಲ, ಕರಕಲಾಗುತ್ತದೆ. ಸುಟ್ಟ ಜಾಗದ ಪಕ್ಕದಲ್ಲೂ ಗುಳ್ಳೆಗಳೆದ್ದು ಕೂದಲು ಇನ್ನಷ್ಟು ದುರ್ಬಲವಾಗುತ್ತದೆ. ಎಣ್ಣೆ ಅಥವಾ ಸ್ಪ್ರೇ ಹಚ್ಚಿದ ತಲೆಯ ಹತ್ತಿರ ಬೆಂಕಿ ಹಿಡಿಯುವುದು ಎಷ್ಟು ಅಪಾಯ ಎಂದು ಬೇರೆ ಹೇಳಬೇಕಿಲ್ಲ.

7. ತುದಿ ಕತ್ತರಿಸಿದರೆ, ಅದೂ ಹುಣ್ಣಿಮೆಯ ದಿನ ಕತ್ತರಿಸಿದರೆ, ಕೂದಲು ಬೇಗ ಬೆಳೆಯುತ್ತದೆ

ಕೂದಲು ಬೆಳೆಯುವುದು ಬುಡದಿಂದ. ತುದಿಯಲ್ಲಿ ಏನಾಯಿತು ಎಂಬುದು ಬುಡಕ್ಕೆ ತಿಳಿಯುವ ದಾರಿಯೇ ಇಲ್ಲ, ತಿಥಿ ಯಾವುದಾದರೂ ಅಷ್ಟೇ. ಆದರೂ ಈ ನಂಬಿಕೆ ಉಳಿದುಕೊಂಡಿರುವುದಕ್ಕೆ ಒಂದು ಕಾರಣವಿದೆ. ಸೀಳನ್ನು ಹಾಗೇ ಬಿಟ್ಟರೆ ಅದು ಮೇಲಕ್ಕೆ ಏರುತ್ತದೆ, ಕೂದಲು ನಡುವೆ ಮುರಿಯುತ್ತದೆ. ಬುಡದಲ್ಲಿ ಬೆಳೆದಷ್ಟು ತುದಿಯಲ್ಲಿ ಮುರಿದರೆ, ಎಷ್ಟು ತಿಂಗಳಾದರೂ ಜಡೆ ಅಷ್ಟೇ ಉದ್ದ. ಕೂದಲು ಬೆಳೆಯುತ್ತಲೇ ಇಲ್ಲ ಎಂದು ಬೇಸರಪಡುವ ಹಲವರಲ್ಲಿ ಕೂದಲು ಬೆಳೆಯುತ್ತಲೇ ಇರುತ್ತದೆ, ಉಳಿಯುವುದಿಲ್ಲ ಅಷ್ಟೇ. ಸೀಳು ತುದಿ ತೆಗೆಸಿದರೆ ಮುರಿಯುವುದು ತಪ್ಪುತ್ತದೆ, ಬೆಳೆದ ಉದ್ದ ಕಣ್ಣಿಗೆ ಕಾಣುತ್ತದೆ.

8. ಎಲ್ಲಕ್ಕೂ ಬೋರ್‌ವೆಲ್ ನೀರೇ ಕಾರಣ

ಬೆಂಗಳೂರಿಗೆ ಬಂದ ಮೇಲೆ ಕೂದಲು ಹಾಳಾಯಿತು ಎನ್ನುವವರು ಬಹಳ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಅವು ಕೂದಲಿನ ಮೇಲೆ ಕೂತು ಒರಟು ಮಾಡಬಹುದು, ಸೋಪಿನ ಜೊತೆ ಸೇರಿದರೆ ಅಂಟಂಟಾದ ಜಿಡ್ಡಾಗುತ್ತದೆ. ಆದರೆ ಕೂದಲಿನ ಬಲವೇ ಕುಗ್ಗುತ್ತದೆಯೇ ಎಂಬುದಕ್ಕೆ ಒಂದೇ ಉತ್ತರ ಸಿಕ್ಕಿಲ್ಲ. ಭಾರತದಲ್ಲೇ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಡಸು ನೀರಿಗೂ ಶುದ್ಧ ನೀರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಂತರ ಪಾಕಿಸ್ತಾನದಲ್ಲಿ ನಡೆದ ಅಧ್ಯಯನದಲ್ಲಿ ಬಲ ಕಡಿಮೆಯಾದದ್ದು ಕಂಡಿತು. ಹಾಗಾಗಿ ಸಾವಿರಾರು ರೂಪಾಯಿಯ ಶವರ್ ಫಿಲ್ಟರ್ ಕೊಳ್ಳುವ ಮೊದಲು ಬಾಚುವ, ಒಣಗಿಸುವ ಅಭ್ಯಾಸ ಬದಲಿಸಿ ನೋಡಿ.

9. ಬಯೋಟಿನ್ ಮಾತ್ರೆ ನುಂಗಿದರೆ ಸೀಳು ಹೋಗುತ್ತದೆ

ಒಬ್ಬ ವಯಸ್ಕರಿಗೆ ದಿನಕ್ಕೆ ಬೇಕಾದ ಬಯೋಟಿನ್ 30ರಿಂದ 40 ಮೈಕ್ರೋಗ್ರಾಂ. ಸಾಮಾನ್ಯ ಊಟದಲ್ಲೇ ಅಷ್ಟು ಸಿಗುತ್ತದೆ, ಕೊರತೆ ಅಪರೂಪ. ಅಂಗಡಿಯಲ್ಲಿ ಸಿಗುವ ಕೆಲವು ಮಾತ್ರೆಗಳಲ್ಲಿ 10,000 ಮೈಕ್ರೋಗ್ರಾಂ ಇರುತ್ತದೆ. ಈಗಾಗಲೇ ಹೊರಬಂದ ಸತ್ತ ಕೂದಲಿಗೆ ಇದು ತಲುಪುವುದೇ ಇಲ್ಲ. ಅದಕ್ಕಿಂತ ಮುಖ್ಯವಾದ ವಿಷಯವೆಂದರೆ, ಹೆಚ್ಚು ಬಯೋಟಿನ್ ಕೆಲವು ರಕ್ತ ಪರೀಕ್ಷೆಗಳ ಫಲಿತಾಂಶವನ್ನು ತಪ್ಪಾಗಿ ತೋರಿಸುತ್ತದೆ. ಥೈರಾಯ್ಡ್ ಪರೀಕ್ಷೆ ಮತ್ತು ಹೃದಯಾಘಾತವನ್ನು ಗುರುತಿಸುವ ಟ್ರೋಪೋನಿನ್ ಪರೀಕ್ಷೆ ಇದರಲ್ಲಿ ಸೇರಿವೆ. ಅಮೆರಿಕದ ಎಫ್‌ಡಿಎ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ನೀವು ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ರಕ್ತ ಪರೀಕ್ಷೆಗೆ ಮುನ್ನ ವೈದ್ಯರಿಗೆ ತಿಳಿಸಿ.

ಸೀರಮ್ ಹಚ್ಚಿದರೆ ಸೀಳು ಮಾಯವಾಗುವುದು ಹೇಗೆ?

ಅದು ಕಣ್ಕಟ್ಟಲ್ಲ, ಆದರೆ ಚಿಕಿತ್ಸೆಯೂ ಅಲ್ಲ. ಸೀರಮ್‌ಗಳಲ್ಲಿರುವ ಸಿಲಿಕೋನ್‌ಗಳು ಕೂದಲಿನ ಮೇಲೆ ನುಣುಪಾದ ಪದರವಾಗಿ ಕೂತು ಸೀಳಿದ ಎಳೆಗಳನ್ನು ಒಟ್ಟಿಗೆ ಹಿಡಿಯುತ್ತವೆ. ಬಿಚ್ಚಿಹೋದ ಹಗ್ಗದ ತುದಿಗೆ ಗೋಂದು ಹಚ್ಚಿದಂತೆ. ತೊಳೆದ ಮೇಲೆ, ಬಾಚಿದ ಮೇಲೆ ಸೀಳು ಮತ್ತೆ ಕಾಣಿಸಿಕೊಳ್ಳುತ್ತದೆ. ಉಜ್ಜಾಟ ಕಡಿಮೆ ಮಾಡುವುದರಿಂದ ಇವುಗಳಿಂದ ಪ್ರಯೋಜನವಿದೆ. ಎರಡು ಮೂರು ಹನಿ ತುದಿಗಷ್ಟೇ ಸಾಕು. ಶಾಶ್ವತ ಪರಿಹಾರ ಎಂಬ ಜಾಹೀರಾತನ್ನು ಮಾತ್ರ ನಂಬಬೇಡಿ.

ಎಚ್ಚರ ಬೇಕಾದ ಜಾಗ: ಪಾರ್ಲರ್‌ನ ಕೆರಾಟಿನ್, ಸ್ಮೂತ್ನಿಂಗ್

ಮದುವೆ ಸೀಸನ್ ಬಂತೆಂದರೆ ಸೀಳು ಕೂದಲಿಗೆ ಇದೇ ಮದ್ದು ಎಂದು ಹಲವರು ಕೆರಾಟಿನ್ ಟ್ರೀಟ್‌ಮೆಂಟ್ ಮಾಡಿಸುತ್ತಾರೆ. ಹೆಸರು ಕೇಳಿದರೆ ಕೂದಲಿಗೆ ಕೆರಾಟಿನ್ ತುಂಬುತ್ತಾರೆ ಎನಿಸುತ್ತದೆ. ಆದರೆ ಇಂಥ ಹಲವು ದ್ರಾವಣಗಳಲ್ಲಿ ನಿಜವಾದ ಕೆಲಸ ಮಾಡುವುದು ಫಾರ್ಮಾಲ್ಡಿಹೈಡ್, ಅಥವಾ ಬಿಸಿ ತಾಗಿದಾಗ ಅದನ್ನು ಬಿಡುಗಡೆ ಮಾಡುವ ರಾಸಾಯನಿಕ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ, ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ. ಟ್ರೀಟ್‌ಮೆಂಟ್ ವೇಳೆ ಕಣ್ಣು ಉರಿದು ನೀರು ಬರುವುದು, ಗಂಟಲು ಕೆರೆಯುವುದು ಆ ಹೊಗೆಯಿಂದ. ವರ್ಷಕ್ಕೊಮ್ಮೆ ಮಾಡಿಸುವವರಿಗಿಂತ ದಿನವೂ ಆ ಹೊಗೆಯಲ್ಲಿ ನಿಂತು ಕೆಲಸ ಮಾಡುವ ಪಾರ್ಲರ್‌ನ ಹೆಣ್ಣುಮಕ್ಕಳಿಗೆ ಅಪಾಯ ಹೆಚ್ಚು.

ಫಾರ್ಮಾಲ್ಡಿಹೈಡ್ ಇಲ್ಲ ಎಂದು ಬರೆದಿದ್ದರೆ ಸುರಕ್ಷಿತವೇ? ಹಾಗೂ ಹೇಳಲಾಗದು. ಅದರ ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲದ ಬಗ್ಗೆ 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಫ್ರಾನ್ಸಿನ ವೈದ್ಯರು ವರದಿ ಮಾಡಿದರು. ಆರೋಗ್ಯವಾಗಿದ್ದ 26 ವರ್ಷದ ಮಹಿಳೆಯೊಬ್ಬರಿಗೆ 2020, 2021 ಮತ್ತು 2022ರಲ್ಲಿ, ಮೂರು ಸಲವೂ ಕೂದಲು ನೇರ ಮಾಡಿಸಿಕೊಂಡ ಬೆನ್ನಿಗೇ ಕಿಡ್ನಿಗೆ ಏಕಾಏಕಿ ಪೆಟ್ಟಾಗಿತ್ತು. ಬಳಸಿದ ಕ್ರೀಮಿನಲ್ಲಿ ಶೇ. 10ರಷ್ಟು ಗ್ಲೈಆಕ್ಸಿಲಿಕ್ ಆಮ್ಲವಿತ್ತು. ಅದೇ ಕ್ರೀಮನ್ನು ಇಲಿಗಳ ಚರ್ಮಕ್ಕೆ ಹಚ್ಚಿ ನೋಡಿದಾಗ ಅವುಗಳ ಕಿಡ್ನಿಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಕಂಡವು. ಇಸ್ರೇಲ್‌ನ ವೈದ್ಯರೂ ಕೂದಲು ನೇರಗೊಳಿಸಿದ ನಂತರ ಕಿಡ್ನಿ ತೊಂದರೆಯಾದ ಹಲವು ಪ್ರಕರಣಗಳನ್ನು ವರದಿ ಮಾಡಿದ್ದಾರೆ.

ಟ್ರೀಟ್‌ಮೆಂಟ್ ಮಾಡಿಸಿದ ಎಲ್ಲರಿಗೂ ಹೀಗಾಗುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಮಾಡಿಸುವ ಮುನ್ನ ಬಾಟಲಿ ತೋರಿಸಿ ಎಂದು ಕೇಳುವುದು, ಅದರಲ್ಲಿ ಏನಿದೆ ಎಂದು ಓದುವುದು ನಿಮ್ಮ ಹಕ್ಕು. ನೆತ್ತಿ ಉರಿದರೆ ತಕ್ಷಣ ತೊಳೆಯಿಸಿ. ಮಾಡಿಸಿದ ಮೇಲೆ ವಾಂತಿ, ಜ್ವರ, ಬೆನ್ನು ನೋವು, ಮೂತ್ರ ಕಡಿಮೆಯಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಯಾವ ಟ್ರೀಟ್‌ಮೆಂಟ್ ಮಾಡಿಸಿದಿರಿ ಎಂಬುದನ್ನು ವೈದ್ಯರಿಗೆ ಹೇಳಿ.

ಹಾಗಾದರೆ ಏನು ಮಾಡಬೇಕು?

ಈಗ ಇರುವ ಸೀಳಿಗೆ: ಕತ್ತರಿಯೊಂದೇ ಚಿಕಿತ್ಸೆ. ಸೀಳಿರುವ ಜಾಗಕ್ಕಿಂತ ಸುಮಾರು 1 ಸೆಂ.ಮೀ. ಮೇಲೆ, ಹರಿತವಾದ ಕತ್ತರಿಯಿಂದ ಕತ್ತರಿಸಿ. ಮೊಂಡು ಕತ್ತರಿ ಕೂದಲನ್ನು ಜಜ್ಜಿ ಹೊಸ ಸೀಳಿಗೆ ದಾರಿ ಮಾಡುತ್ತದೆ. ಉದ್ದ ಕಳೆದುಕೊಳ್ಳಲು ಮನಸ್ಸಿಲ್ಲದಿದ್ದರೆ ಸಣ್ಣ ಸಣ್ಣ ಎಳೆಗಳನ್ನು ತಿರುಚಿ, ಹೊರಚಾಚಿದ ಸೀಳು ತುದಿಗಳನ್ನಷ್ಟೇ ತೆಗೆಯಬಹುದು. ಕೈಯಿಂದ ಎಳೆದು ಸೀಳುವ ಅಭ್ಯಾಸವಿದ್ದರೆ ಬಿಡಿ, ಅದು ಸೀಳನ್ನು ಇನ್ನೂ ಮೇಲಕ್ಕೆ ಒಯ್ಯುತ್ತದೆ.

ಹೊಸ ಸೀಳು ಬಾರದಂತೆ:

ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಸ್ವಲ್ಪ ತೆಂಗಿನೆಣ್ಣೆ ಹಚ್ಚಿ, ತುದಿಯನ್ನು ಮರೆಯಬೇಡಿ. ತಲೆಹೊಟ್ಟು ಇರುವವರು ನೆತ್ತಿಗೆ ಬಿಟ್ಟು ಕೂದಲಿನ ಉದ್ದಕ್ಕಷ್ಟೇ ಹಚ್ಚಿ.

ಶಾಂಪೂ ನೆತ್ತಿಗೆ, ಕಂಡೀಷನರ್ ತುದಿಗೆ. ಇಡೀ ಜಡೆಯನ್ನು ಮುದ್ದೆ ಮಾಡಿ ಬಟ್ಟೆ ಒಗೆದಂತೆ ತಿಕ್ಕಬೇಡಿ.

ಒದ್ದೆ ಕೂದಲನ್ನು ಟವೆಲ್‌ನಿಂದ ಬಡಿಯುವುದು, ಹಿಂಡುವುದು ಬೇಡ. ಹಳೆಯ ಮೆತ್ತನೆಯ ಹತ್ತಿ ಬಟ್ಟೆ ಸುತ್ತಿ ನೀರು ಹೀರಲು ಬಿಡಿ.

ಅಗಲ ಹಲ್ಲಿನ ಬಾಚಣಿಗೆಯಿಂದ, ಮೊದಲು ತುದಿಯ ಸಿಕ್ಕು ಬಿಡಿಸಿ, ನಂತರ ಸ್ವಲ್ಪ ಮೇಲಿನಿಂದ, ಕೊನೆಗೆ ಬುಡದಿಂದ ಬಾಚಿ. ದಿನಕ್ಕೆ ನೂರು ಸಲ ಬಾಚಿದರೆ ಕೂದಲು ಹೊಳೆಯುತ್ತದೆ ಎಂಬುದು ಸವಕಳಿಗೆ ದಾರಿ.

ಡ್ರೈಯರ್ ಬಳಸುವುದಾದರೆ ನೀರು ಇಳಿದ ಮೇಲೆ, 15 ಸೆಂ.ಮೀ. ದೂರದಲ್ಲಿ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಬಳಸಿ. 2011ರಲ್ಲಿ ಕೊರಿಯಾದ ಸಂಶೋಧಕರು ನಡೆಸಿದ ಪ್ರಯೋಗದಲ್ಲಿ, ಹೀಗೆ ಒಣಗಿಸಿದಾಗ ಹತ್ತಿರದಿಂದ ಬಿಸಿ ಕೊಟ್ಟದ್ದಕ್ಕಿಂತ ಹಾನಿ ಕಡಿಮೆಯಿತ್ತು. ಬಹಳ ಹೊತ್ತು ಒದ್ದೆಯಾಗಿಯೇ ಬಿಟ್ಟ ಕೂದಲಿನಲ್ಲೂ ಒಳಗಿನ ಬೆಸೆಯುವ ಪದರ ಊದಿದ್ದು ಕಂಡಿತ್ತು. ಒದ್ದೆ ತಲೆಯಲ್ಲೇ ತುರುಬು ಕಟ್ಟಿ ದಿನವಿಡೀ ಬಿಡುವುದೂ ಒಳ್ಳೆಯದಲ್ಲ ಎಂದಾಯಿತು.

ಸ್ಕೂಟರ್, ಬೈಕ್ ಮೇಲೆ ಹೋಗುವಾಗ ಕೂದಲು ಬಿಟ್ಟುಕೊಳ್ಳದೆ ಜಡೆ ಹಾಕಿ ಅಥವಾ ದುಪಟ್ಟಾ ಸುತ್ತಿ. ರಾತ್ರಿ ಸಡಿಲವಾದ ಜಡೆ ಸಾಕು. ಬರಿಯ ರಬ್ಬರ್ ಬ್ಯಾಂಡ್ ಬದಲು ಬಟ್ಟೆ ಸುತ್ತಿದ ಬ್ಯಾಂಡ್ ಬಳಸಿ.

ಬಣ್ಣ, ಸ್ಟ್ರೈಟ್ನಿಂಗ್, ಇಸ್ತ್ರಿ ಮೂರನ್ನೂ ಒಂದೇ ಕೂದಲಿನ ಮೇಲೆ ಒಂದರ ಬೆನ್ನಿಗೊಂದು ಮಾಡಿಸಬೇಡಿ.

ವೈದ್ಯರ ಬಳಿ ಹೋಗಬೇಕಾದದ್ದು ಯಾವಾಗ?

ತುದಿ ಮಾತ್ರ ಸೀಳುತ್ತಿದ್ದರೆ ವೈದ್ಯರ ಅಗತ್ಯವಿಲ್ಲ. ಆದರೆ ಕೂದಲು ಬುಡದ ಹತ್ತಿರವೇ ಮುರಿಯುತ್ತಿದ್ದರೆ, ಎಳೆಯ ಮೇಲೆ ಬಿಳಿ ಗಂಟುಗಳಂತೆ ಕಂಡು ಅಲ್ಲೇ ತುಂಡಾಗುತ್ತಿದ್ದರೆ, ತೇಪೆಯಂತೆ ಉದುರುತ್ತಿದ್ದರೆ, ಅಥವಾ ಕೂದಲಿನ ಜೊತೆಗೆ ಸುಸ್ತು, ತೂಕದಲ್ಲಿ ಏರುಪೇರು, ಮುಟ್ಟಿನ ತೊಂದರೆ ಇದ್ದರೆ ಚರ್ಮ ವೈದ್ಯರನ್ನು ಕಾಣಿ. ರಕ್ತಹೀನತೆ, ಥೈರಾಯ್ಡ್ ತೊಂದರೆ ಇವುಗಳ ಹಿಂದಿರಬಹುದು. ಚಿಕ್ಕ ಮಕ್ಕಳ ಕೂದಲು ಯಾವ ಬಣ್ಣ, ಬಿಸಿ ತಾಗದೆಯೂ ಪದೇ ಪದೇ ಮುರಿಯುತ್ತಿದ್ದರೆ ತೋರಿಸಲೇಬೇಕು.

ಕೊನೆಯದಾಗಿ

ಸೀಳು ಕೂದಲಿಗೆ ಸಂಬಂಧಿಸಿದ ಯಾವುದೇ ಫಾರ್ವರ್ಡ್ ಬಂದಾಗ ಒಂದೇ ಪ್ರಶ್ನೆ ಕೇಳಿ: ಇದು ಸೀಳನ್ನು ತಡೆಯುತ್ತದೆ ಎನ್ನುತ್ತಿದೆಯೋ, ಇಲ್ಲಾ ಸೀಳಿದ್ದನ್ನು ಕೂಡಿಸುತ್ತದೆ ಎನ್ನುತ್ತಿದೆಯೋ? ತಡೆಯುತ್ತದೆ ಎಂದಿದ್ದರೆ ಪರಿಶೀಲಿಸಿ ನೋಡಬಹುದು. ಕೂಡಿಸುತ್ತದೆ ಎಂದಿದ್ದರೆ ಅಲ್ಲೇ ಬಿಡಿ. ಮನೆಯಲ್ಲಿ ಯಾರಾದರೂ ಕೂದಲಿಗೆ ಟ್ರೀಟ್‌ಮೆಂಟ್ ಮಾಡಿಸುವ ಯೋಚನೆಯಲ್ಲಿದ್ದರೆ, ಹಣ ಕಟ್ಟುವ ಮುನ್ನ ಈ ಮಾಹಿತಿಯನ್ನು ಅವರಿಗೆ ಕಳುಹಿಸಿ.